ಮುಕ್ಕಾಲು ಪೈ

ಅಪ್ಪನ ಕಾಲಕ್ಕೆ ಪೈ ಅಂದರೆ ಕಾಸಿಗಿಂತ ಸಣ್ಣದು,
ಒಂದಾಣೆಗೆ ಹನ್ನೆರಡು.
ಸ್ಟುಡಿಯೊದ ಹಳೇ ಲೆಕ್ಕದ ಪುಸ್ತಕದಲ್ಲಿ
ರೂಪಾಯಿ, ಆಣೆ, ಆಮೇಲೆ ಅದರದೊಂದು ಸಾಲು,
ಉದ್ದಕ್ಕೂ ಸೊನ್ನೆ.

ಗೋಕುಲಂ ಮೂರನೇ ಹಂತದ ಬೊಳ್ಳಮ್ಮನವರ ಪೈ
ತಟ್ಟೆಯಗಲ.
ಒಳಗೆ ನಂಜನಗೂಡಿನ ರಸಬಾಳೆ,
ಮಂಡ್ಯದ ಜೋನಿಬೆಲ್ಲ, ಚಿಟಿಕೆ ಉಪ್ಪು.
‘ಮೆನುವಿಗೆ ಫೋಟೊ ಬೇಕು, ಉಮಾಪತಿ.
ಹೋಳಿಗೆ ನೂರ ಎಂಬತ್ತು ಇಟ್ಟಿದ್ದೇನೆ’ ಅಂದರು.
ಸಿಂಕಿನ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಸಣ್ಣತಾಯಮ್ಮ
ನಲ್ಲಿ ನಿಲ್ಲಿಸಿ ತಿರುಗಿದಳು:
‘ಒಂದ್ ಹೋಳಿಗೆಗೆ ನೂರೆಂಬತ್ತಾ?
ಮದ್ವೇಲಿ ಬ್ಯಾಡ ಅಂದ್ರೂ ಎರಡು ಹಾಕ್ತಾರಲ್ಲವ್ವ!’

ನಾನು ಮುಖ ತೆಗೆಯುವವನು.
ಗಲ್ಲ ಕೊಂಚ ಕೆಳಗೆ, ಕಣ್ಣು ಇಲ್ಲಿ, ಉಸಿರು ಹಿಡೀರಿ,
ಇಷ್ಟರಲ್ಲೇ ಮೂವತ್ತು ವರ್ಷ ಕಳೆದವನು.
ಇದಕ್ಕೆ ಗಲ್ಲ ಎಲ್ಲಿ?
ಮೇಜಿನ ಸುತ್ತ ಎರಡು ಸಲ ಬಂದೆ.
ಓವನ್ನಿನ ಹಿಂಗೋಡೆಗೆ ಒಡ್ಡಿಕೊಂಡಿದ್ದ ಕಡೆ
ಅಂಚು ಹೆಚ್ಚು ಕೆಂಪಗೆ, ಅಲ್ಲೊಂದು ಬಿರುಕು,
ಬಿರುಕಲ್ಲಿ ಬೆಲ್ಲ ಉಕ್ಕಿ ಆರಿದ ಗುರುತು.
ಅದೇ ಮುಖ ಅಂದುಕೊಂಡು ಕಿಟಕಿಗೆ ತಿರುಗಿಸಿದೆ.

ದೊಡ್ಡ ಊರುಗಳಲ್ಲಿ
ಕೆನೆಯ ಜಾಗಕ್ಕೆ ಗಡ್ಡದ ನೊರೆ ಒತ್ತುತ್ತಾರಂತೆ,
ಜೇನು ಅಂತ ಎಂಜಿನ್ ಆಯಿಲು ಹೊಯ್ಯುತ್ತಾರಂತೆ.
ನಾನೂ ಬ್ಯಾಗಿನಿಂದ ಗ್ಲಿಸರಿನ್ ಸೀಸೆ ತೆಗೆದೆ.
‘ತಿನ್ನಲಾಗದ್ದು ನನ್ನ ತಟ್ಟೆಗೆ ಬೇಡ’
ಅಂದುಬಿಟ್ಟರು ಬೊಳ್ಳಮ್ಮ.
ಸೀಸೆ ಒಳಗೆ ಹೋಯಿತು.
ಪೆನ್ಸಿಲ್ ಚೂಪು ಮಾಡಿಕೊಂಡು ನೆಗೆಟಿವ್ ಮೇಲೆ ಬಗ್ಗಿ
ಮದುವೆಗೆ ಬಂದ ಹುಡುಗಿಯರ ಸಿಡುಬಿನ ಕಲೆ
ಒಂದೊಂದೇ ತುಂಬುತ್ತಿದ್ದ ಅಪ್ಪ.
ನಾವು ಉಂಡದ್ದು ಅದರಿಂದಲೇ.
ಅವರಿಗೆ ಹೇಳಲಿಲ್ಲ.

ಬಿಸಿ ಇತ್ತು, ಹಬೆ ಕಾಣುತ್ತಿರಲಿಲ್ಲ.
ಹಿಂದೆ ಕರೀ ಬಟ್ಟೆ ಕಟ್ಟಿದರೂ ಇಲ್ಲ.
ಕೊನೆಗೆ ಮೂರು ಊದುಬತ್ತಿ ಹಚ್ಚಿ
ತಟ್ಟೆಯ ಮರೆಗೆ ಸಿಕ್ಕಿಸಿದೆ.
(ಇದನ್ನು ಯಾರೂ ತಿನ್ನುವುದಿಲ್ಲವಲ್ಲ ಅಂದೆ, ನಕ್ಕರು.)
ಸಾವಿನ ಮನೆಗಳಲ್ಲಿ ನಾನೇ ಹೇಳಿದ್ದುಂಟು:
ಊದುಬತ್ತಿ ಆಚೆ ಸರಿಸಿ,
ಹೊಗೆ ಮುಖಕ್ಕೆ ಬರುತ್ತದೆ.
ಸಣ್ಣತಾಯಮ್ಮ ಒದ್ದೆ ಕೈ ಮುಗಿಯಹೋಗಿ
ನಡುವೆಯೇ ನಾಚಿ
ಸೆರಗಿಗೆ ಒರೆಸಿಕೊಂಡಳು.

ಇಪ್ಪತ್ತೇಳು ಸಲ ಒತ್ತಿದೆ.
ಎಲ್ಲದರಲ್ಲೂ ಅದು ಮುಚ್ಚಿದ ಡಬ್ಬಿ,
ಒಳಗೆ ಗುಂಡುಸೂಜಿ ಇದ್ದರೂ ಇರಬಹುದು.
ಬೆಳಕು ಮೇಜಿನ ಕಾಲಿಗಿಳಿಯುತ್ತಿತ್ತು.
‘ಕುಯ್ದುಬಿಡಿ’ ಅಂದೆ.
‘ಎಷ್ಟು?’
‘ಕಾಲು.’
ಚಾಕು ಇಳಿದಾಗ ಆದ ಸದ್ದು,
ಒಣ ತರಗಿನ ಮೇಲೆ ಬೆಕ್ಕು ನಡೆದಷ್ಟು.
ಕಾಲುಭಾಗ ಮೇಲೆದ್ದಿತು.
ಆ ಖಾಲಿಯ ಕಡೆಗೆ
ಬಾಳೆಯದೊಂದು ಬಿಲ್ಲೆ ಪಾಕದೊಡನೆ ಜರುಗಿ
ಅಂಚಿಗೆ ಬಂದು
ಬೀಳದೆ ನಿಂತಿತು.

ಸಾಕು ಅಂದೆ. ಒಂದೇ ಒಂದು.

ತೆಗೆದ ಹೋಳನ್ನು ಎಲ್ಲಿಡುವುದು ಅಂತ ನೋಡುತ್ತಿದ್ದ
ಬೊಳ್ಳಮ್ಮ ಸಿಂಕಿನ ಕಡೆ ಚಾಚಿದರು.
ಸಣ್ಣತಾಯಮ್ಮ ನಿಂತೇ ತಿಂದಳು,
ಕೆಳಗೆ ಅಂಗೈ ಒಡ್ಡಿಕೊಂಡು, ಪುಡಿಯೂ ಬಿಡದೆ.
‘ಚೆಂದಾಗದೆ.
ಊದ್ಗಡ್ಡಿ ವಾಸ್ನೆ ಒಂದ್ ಬುಟ್ರೆ.’

ಮೆನು ಅಚ್ಚಾಯಿತು, ಲ್ಯಾಮಿನೇಷನ್ನೂ ಆಯಿತು.
ಒಂದು ಪ್ರತಿ ಸ್ಟುಡಿಯೊದಲ್ಲಿ,
ಪಾಸ್‌ಪೋರ್ಟ್ ಸೈಜಿನ ಮುಖಗಳ ಪಕ್ಕ ಅಂಟಿಸಿದ್ದೇನೆ.
ಕಾಯುತ್ತ ಕೂತವರು ಅದನ್ನು ನೋಡಿ
ಗಡಿಯಾರ ನೋಡಿಕೊಳ್ಳುತ್ತಾರೆ.

ಆಷಾಢದಲ್ಲಿ ಒಂದು ಮಧ್ಯಾಹ್ನ
ಬ್ಯಾಂಕಿಗೆ ಫೋಟೊ ಬೇಕೆಂದು ಬಂದಳು ಸಣ್ಣತಾಯಮ್ಮ,
ಹಣೆಗೆ ಹೊಸ ಕುಂಕುಮ, ಕೊರಳಲ್ಲಿ ಪೌಡರು.
ಸ್ಟೂಲಿನ ಮೇಲೆ ಕೂರಿಸಿ
ಗಲ್ಲ ಕೆಳಗೆ, ಕಣ್ಣು ಇಲ್ಲಿ, ಅಂದೆ.
ಕಣ್ಣು ಇಲ್ಲಿರಲಿಲ್ಲ.

‘ಇನ್ನೂ ಹಂಗೇ ಅದಲ್ಲ ಸಾಮಿ’ ಅಂದಳು ಗೋಡೆ ನೋಡಿ,
‘ಮಿಕ್ಕಿದ್ದ ಯಾರೂ ತಿಂದಿಲ್ವಾ?’